ಅಪ್ಪ ಹಾಡದ ಮಂಗಳ

ಕಂಪ್ಯೂಟರಿನ ಹೊಟ್ಟೆಯೊಳಗಿನಿಂದ ತಾಳ ಕೇಳಿಸುತ್ತಿತ್ತು. ಟಕ್, ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್. ಕಾತ್ಯಾಯಿನಿ ಅದರ ತಗಡಿನ ಮೈಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ಗಮಕಿಯ ಮಗಳು, ಏನನ್ನಾದರೂ ತಿಳಿಯಬೇಕಾದರೆ ಮೊದಲು ಕೇಳುವುದು ಅವಳಿಗೆ ಹುಟ್ಟಿನಿಂದ ಬಂದ ಅಭ್ಯಾಸ.

“ಜೀವ ಇದೆಯಾ ಮೇಡಂ?” ಎಂದರು ಹಿಂದೆ ನಿಂತಿದ್ದ ಇಂಜಿನಿಯರ್ ರಾಚಯ್ಯ.

“ಇದೆ ಸಾರ್. ಡಿಸ್ಕನ್ನ ಓದೋ ಮೊನೆ ಜಾಗ ಹುಡುಕ್ಕೊಂಡು ಹೋಗಿ, ಸಿಗದೆ ವಾಪಸ್ ಬರ್ತಾ ಇದೆ. ಆ ಸದ್ದು ಅದೇ. ಇದನ್ನ ಆಫ್ ಮಾಡಿ ಆನ್ ಮಾಡಿ ನೋಡಿದ್ದು ಯಾರು?”

“ಎಲ್ಲರೂ. ನಾನೂ ಒಂದು ಏಟು ಹಾಕಿದೆ. ನಮ್ಮನೆ ಹಳೇ ಟೀವಿ ಹಂಗೇ ರಿಪೇರಿ ಆಗ್ತಿತ್ತು.”

ಅವಳು ವೈರು ಕಿತ್ತಳು. ತಾಳ ನಿಂತಿತು. ಬಿಲ್ಲುಕಣಿವೆ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಈಗ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಕಿಟಕಿಯಾಚೆ ನೀರು ಕಣ್ಣಳತೆಗೂ ಮೀರಿ ಹರಡಿತ್ತು. ಘಟ್ಟದ ಮೇಲೆ ಬಿದ್ದ ಮಳೆ ಇನ್ನೂ ಹರಿದು ಬರುತ್ತಲೇ ಇತ್ತು.

ಬಿಲ್ಲುಕಣಿವೆಯದು ಮಣ್ಣಿನ ಏರಿ. ಏರಿಯ ಒಳಗೆ, ಮಣ್ಣಿನ ಆಳದಲ್ಲಿ, ನೀರಿನ ಒತ್ತಡ ಅಳೆಯುವ ಮಾಪಕಗಳನ್ನು ಹೂತಿದ್ದರು. ಎಲ್ಲ ಮಾಪಕಗಳ ತಂತಿಗಳೂ ಬಂದು ಸೇರುತ್ತಿದ್ದದ್ದು ಈ ಒಂದು ಹಳೆಯ ಕಂಪ್ಯೂಟರಿಗೆ. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿ ಯಾವುದೋ ಕಾಲವಾಗಿತ್ತು. ಹೊಸದಕ್ಕೆ ಟೆಂಡರ್ ಆಗಿತ್ತು, ಬಂದಿರಲಿಲ್ಲ. ಒತ್ತಡ ಗೆರೆ ದಾಟಿದರೆ ಊರಿಗೆಲ್ಲ ಕೇಳುವಂತೆ ಕೂಗಬೇಕಾದ ಸೈರನ್ನೂ ಇದಕ್ಕೇ ಕಟ್ಟಿತ್ತು. ಮೊದಲೆಲ್ಲ ಏರಿಯ ಬುಡದ ಚರಂಡಿಗೆ ದಿನವೂ ಒಬ್ಬ ಹೋಗಿ ಜಿನುಗು ನೀರನ್ನು ನೋಡಿ ಬರುತ್ತಿದ್ದ. ಮಾಪಕ ಬಂದ ಮೇಲೆ ಆ ಕೆಲಸವನ್ನೇ ತೆಗೆದರು. ಈಗ ಅಲ್ಲಿ ಆಳೆತ್ತರ ಜೊಂಡು ಬೆಳೆದಿದೆ.

“ನೋಡಿ, ನನಗೆ ಬೇಕಾಗಿರೋದು ಇಷ್ಟೇ,” ಎಂದರು ರಾಚಯ್ಯ. “ಮೊನ್ನೆ ನೀರು ಈ ಮಟ್ಟಕ್ಕೆ ಏರೋವಾಗ ಮಣ್ಣೊಳಗೆ ಒತ್ತಡ ಹೆಂಗಿತ್ತು, ಏರ್ತಾ ಇತ್ತೋ ಇಳೀತಾ ಇತ್ತೋ. ಇಳೀತಾ ಇತ್ತು ಅಂದ್ರೆ ಪೂರ್ತಿ ತುಂಬಿಸ್ತೀನಿ. ಏರ್ತಾ ಇತ್ತು ಅಂದ್ರೆ ಈಗಲೇ ಗೇಟ್ ಎತ್ತಿಸ್ತೀನಿ. ಸುಮ್ಮನೆ ನೀರು ಬಿಟ್ಟೆ ಅಂದ್ರೆ ಮೇಲಿನವರು ನನ್ನನ್ನೇ ನೀರಿಗೆ ಬಿಡ್ತಾರೆ.”

ಕಾತ್ಯಾಯಿನಿ ಕಿಟಕಿಯ ಇನ್ನೊಂದು ಮಗ್ಗುಲಿಗೆ ನೋಡಿದಳು. ಏರಿಯ ಕೆಳಗೆ ಬಿಲ್ಲಾಪುರದ ಮಾಳಿಗೆಗಳು ಕಾಣುತ್ತಿದ್ದವು. ಮೊದಲ ಸಾಲು ಏರಿಕೆಳಗಿನ ಬೀದಿ. ಅದರಲ್ಲಿ ಹಸಿರು ನೀರಿನ ಟ್ಯಾಂಕಿನ ಮನೆ ಅವಳದು. ಮಾಳಿಗೆಯ ಮೇಲೆ ಅವಳ ತಾಯಿ ತುಂಗಮ್ಮ ಏನನ್ನೋ ಒಣಹಾಕುತ್ತಿದ್ದರು. ಇಷ್ಟು ದೂರದಿಂದ ಬಿಳಿ ಸೆರಗು ಮಾತ್ರ ಕಾಣಿಸಿತು.

ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎದೆಗವಚಿಕೊಂಡು ಅವಳು ಹೊರಟಳು.

*

ಬಸ್ ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮಹಡಿಯಲ್ಲಿ, ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆಯುವ ಅವಳ ಪ್ರಯೋಗಶಾಲೆ. ಅಲ್ಲಿ ‘ಪೂರಕ’ ಇತ್ತು.

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತಿರುತ್ತದೆ. ಓದುವ ಮೊನೆ ಅದರ ಮೇಲೆ, ಕೂದಲೆಳೆಯೂ ತೂರದಷ್ಟು ಅಂತರದಲ್ಲಿ ತೇಲುತ್ತದೆ. ಒಮ್ಮೆ ತಾಗಿತೋ, ಅಲ್ಲಿ ಬರೆದದ್ದು ಪುಡಿಯಾಗಿ ಉದುರುತ್ತದೆ. ಆ ಪುಡಿ ಮತ್ತಷ್ಟು ಗೀರುತ್ತದೆ. ಸಾಯುವ ಡಿಸ್ಕು ಓದಿದಷ್ಟೂ ಅಳಿಸಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಜಾಣರು ಮೊದಲು ಸುಲಭವಾಗಿ ಸಿಗುವುದನ್ನು ಸರಸರನೆ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಹಾರಿಸಿ, ಆಮೇಲೆ ಅವುಗಳ ಹತ್ತಿರ ಮೆಲ್ಲಗೆ ಹೋಗುತ್ತಾರೆ. ಎಷ್ಟು ಮಾಡಿದರೂ ಕೆಲವು ತೂತುಗಳು ಉಳಿಯುತ್ತವೆ. ಪೂರಕದ ಕೆಲಸ ಆ ತೂತು ತುಂಬುವುದು. ಅಕ್ಕಪಕ್ಕದಲ್ಲಿ ಉಳಿದದ್ದನ್ನು ಕೇಳಿ, ನಡುವೆ ಏನಿದ್ದಿರಬೇಕೆಂದು ಅದು ಹೇಳುತ್ತಿತ್ತು.

ಈ ಯಂತ್ರ ಹುಟ್ಟಿದ್ದೇ ಮನೆಯಲ್ಲಿ. ಕಾತ್ಯಾಯಿನಿಯ ತಂದೆ ಗಮಕಿ ಶೇಷಗಿರಿಯಪ್ಪನವರ ಕಾವ್ಯವಾಚನದ ರೆಕಾರ್ಡಿಂಗ್ ಎಲ್ಲ ಹಾಲ್‌ನ ಹಳೆಯ ಕಂಪ್ಯೂಟರಿನಲ್ಲಿತ್ತು. ಅವರು ತೀರಿಕೊಂಡ ವರ್ಷವೇ ಅದರ ಡಿಸ್ಕೂ ಕೆಟ್ಟಿತು. ಸಿಕ್ಕ ಚೂರುಗಳನ್ನು ಜೋಡಿಸಲೆಂದೇ ಅವಳು ಪೂರಕವನ್ನು ಕಟ್ಟಿದಳು. ಪದ್ಯವಾದ್ದರಿಂದ ಯಂತ್ರಕ್ಕೆ ಹಾದಿ ಸಿಕ್ಕಿತು. ಆರು ಸಾಲು, ಸಾಲಿಗಿಷ್ಟು ಮಾತ್ರೆ, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ. ತಪ್ಪಿಸಿಕೊಳ್ಳಲು ಎಡೆಯೇ ಇಲ್ಲ. ತಂದೆಯ ಜೊತೆ ಮೂವತ್ತು ವರ್ಷ ಕೂತು ಪದ್ಯಗಳಿಗೆ ಅರ್ಥ ಹೇಳಿದ್ದ ವ್ಯಾಖ್ಯಾನಕಾರ ಪುಟ್ಟಸ್ವಾಮಯ್ಯನವರನ್ನು ಕೂರಿಸಿ, ಬೇಕೆಂದೇ ಅಳಿಸಿ ಮತ್ತೆ ತುಂಬಿಸಿದ ಪದ್ಯಗಳನ್ನು ಕೇಳಿಸಿದಳು.

“ಯಾವುದು ಯಂತ್ರ ತುಂಬಿದ್ದು ಹೇಳಿ ಮಾವ.”

ಅವರು ತಲೆ ಬಗ್ಗಿಸಿ ಬಹಳ ಹೊತ್ತು ಕೇಳಿದರು. “ಹೇಳೋಕಾಗಲ್ಲ ಮಗು. ಉಸಿರು ತಗೊಳ್ಳೋ ಜಾಗಾನೂ ಅವನದೇ. ಅವನ ಕಳ್ಳತನವೂ ಬಂದಿದೆ ನೋಡು. ಪದ್ಯ ಮರೆತಾಗ ಹಿಂಗೇ ಎಳೆದು ಎಳೆದು ಹಾಡೋನು, ನೆನಪಾಗೋವರೆಗೂ.”

ಅಂದಿನಿಂದ ಪೂರಕವನ್ನು ಅವಳು ನಂಬಿದಳು. ಆಮೇಲೆ ಅದು ಬೇರೆ ಬೇರೆಯದನ್ನೂ ಕಲಿಯಿತು: ಆಸ್ಪತ್ರೆಯ ನಾಡಿಗೆರೆ, ಹವಾಮಾನ, ಕಾರ್ಖಾನೆಗಳ ಅಂಕಿಗಳು. ಆದರೆ ಅವೆಲ್ಲ ನಡುವಿನಿಂದ ಕತ್ತರಿಸಿ ತಂದ ತುಂಡುಗಳು. ಒಂದು ಸಂಗತಿ ಹೇಗೆ ಮುಗಿಯುತ್ತದೆ ಎನ್ನುವುದನ್ನು ಪೂರಕಕ್ಕೆ ಕಲಿಸಿದ್ದು ಶೇಷಗಿರಿಯಪ್ಪನವರ ವಾಚನ ಮಾತ್ರ. ಇದನ್ನು ಅವಳು ಎಂದೂ ಯೋಚಿಸಿರಲಿಲ್ಲ.

ಅಣೆಕಟ್ಟಿನ ಡಿಸ್ಕು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿತು. ಹಳೆಯ ವರ್ಷಗಳು ಹೆಚ್ಚುಕಡಿಮೆ ಪೂರ್ತಿ ಬಂದವು. ಈಚಿನದರಲ್ಲಿ ತೂತುಗಳಿದ್ದವು. ಕೊನೆಯ ಕೆಲವು ದಿನಗಳು ಇರಲೇ ಇಲ್ಲ. ಮೊನೆ ತಟ್ಟೆಗೆ ತಾಗಿದ್ದು ಆ ದಿನಗಳನ್ನು ಬರೆಯುತ್ತಿದ್ದಾಗಲೇ. ನಡುವಿನ ತೂತುಗಳನ್ನು ಪೂರಕ ತುಂಬಿದ್ದನ್ನು ಅವಳು ಪರೀಕ್ಷಿಸಿದಳು. ಸಿಕ್ಕ ಅಂಕಿಗಳನ್ನೇ ಮುಚ್ಚಿಟ್ಟು ಕೇಳಿದಾಗಲೂ ಯಂತ್ರ ಸರಿಯಾಗಿ ಹೇಳಿತು. ಕೊನೆಯ ದಿನಗಳನ್ನು ಹಾಗೆ ಪರೀಕ್ಷಿಸಲು ಅವುಗಳ ಮುಂದೆ ಏನೂ ಇರಲಿಲ್ಲ.

ಪರದೆಯ ಮೇಲೆ ಗೆರೆ ಮೂಡಿತು. ಒತ್ತಡ ಏರಿತ್ತು, ಏರುತ್ತಲೇ ಇತ್ತು. ಆಮೇಲೆ ಕೆಂಪು ಶುರುವಾಯಿತು. ಪೂರಕ ತುಂಬಿದ ಭಾಗಕ್ಕೆ ಕೆಂಪು ಬಣ್ಣ. ಕೆಂಪು ಗೆರೆ ಇನ್ನಷ್ಟು ಏರಿ, ಒಂದೆಡೆ ತಡೆದು, ಮೆಲ್ಲಮೆಲ್ಲಗೆ, ಬಹಳ ಚೆನ್ನಾಗಿ ಕೆಳಗಿಳಿದು ನೆಲೆ ನಿಂತಿತು.

*

“ಇಳಿದಿದೆ,” ಎಂದರು ರಾಚಯ್ಯ. ಕುರ್ಚಿಗೆ ಒರಗಿ ಕಣ್ಣು ಒರೆಸಿಕೊಂಡರು. “ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಈ ಕೆಂಪು ಯಾಕೆ?”

“ಅದು ಊಹೆ ಸಾರ್. ಡಿಸ್ಕಲ್ಲಿ ಇರಲಿಲ್ಲ.”

“ಊಹೆ ಅಂದ್ರೆ?”

“ಇದ್ದಿರಬೇಕು ಅಂತ ಯಂತ್ರ ಹೇಳ್ತಿರೋದು.”

“ಇಲ್ಲೀವರೆಗೂ ತಪ್ಪು ಹೇಳಿದೆಯಾ?”

“ಇಲ್ಲ,” ಎಂದಳು ಅವಳು.

“ಮತ್ತೆ ಕೆಂಪು ತೆಗೀರಿ. ಮೇಲೆ ಕಳಿಸೋವಾಗ ಕೆಂಪು ಕಂಡ್ರೆ ಅವರು ಗೆರೆ ನೋಡಲ್ಲ, ಬಣ್ಣ ನೋಡ್ತಾರೆ.”

ಅವಳು ತೆಗೆದಳು. ಇಡೀ ಗೆರೆ ಒಂದೇ ನೀಲಿಯಾಯಿತು. ಗೇಟುಗಳು ಮುಚ್ಚಿಯೇ ಉಳಿದವು. ಹೊರಗೆ ನೀರು ಕಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಮೇಲೆ ಬರುತ್ತಿತ್ತು.

*

ಆ ದಿನ ಶೇಷಗಿರಿಯಪ್ಪನವರ ತಿಥಿಯ ಮರುದಿನ. ಪ್ರತಿ ವರ್ಷ ಆ ಸಂಜೆ ಮನೆಯಲ್ಲಿ ವಾಚನ. ಓದುವುದು ಅವರದೇ ದನಿ. ಒಂದು ಪದ್ಯವಾದ ಕೂಡಲೇ ತುಂಗಮ್ಮ ರಿಮೋಟ್ ಒತ್ತಿ ನಿಲ್ಲಿಸುವರು. ಪುಟ್ಟಸ್ವಾಮಯ್ಯನವರು ಅರ್ಥ ಹೇಳುವರು. ಹೇಳಿ ಮುಗಿಸಿ ಸ್ಪೀಕರಿನ ಕಡೆ ತಿರುಗಿ, “ಹೂಂ ಶೇಷು, ಮುಂದೆ” ಎನ್ನುವರು. ತುಂಗಮ್ಮ ಮತ್ತೆ ಒತ್ತುವರು. ಬೀದಿಯವರೆಲ್ಲ ಕೂತು ಕೇಳುವರು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿರಲಿಲ್ಲ.

ಇಳಿಹೊತ್ತಿಗೆ ಕಾತ್ಯಾಯಿನಿ ಮನೆಗೆ ಬಂದಾಗ ತುಂಗಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು.

“ಇವತ್ತು ಯಾವುದು ಹಾಕ್ತೀನಿ ಹೇಳು ನೋಡೋಣ.”

“ಯಾವುದಮ್ಮ?”

“ಕೊನೇದು.”

ಕಾತ್ಯಾಯಿನಿಯ ಕೈ ನೀರಿನ ಲೋಟದ ಮೇಲೆ ನಿಂತಿತು. ಕೊನೆಯ ವಾಚನವನ್ನು ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಹಾಕಿರಲಿಲ್ಲ. ವೀರನೊಬ್ಬ ರಣದಲ್ಲಿ ಬೀಳುವ ಸಂಧಿ ಅದು. ಪದ್ಯದ ನಡುವೆ, ‘ನೆಲವ’ ಎಂಬ ಮಾತಿನ ಮೇಲೆ ಅವರ ದನಿ ನಿಂತಿತ್ತು. ನೀರು ಕುಡಿಯುತ್ತಾರೆಂದು ರೆಕಾರ್ಡ್ ಮಾಡುತ್ತಿದ್ದ ಕಾತ್ಯಾಯಿನಿ ಕಾದಿದ್ದಳು. ತುಂಗಮ್ಮ “ಏನ್ರೀ?” ಎಂದಿದ್ದರು. ಅವರು ಪುಸ್ತಕವಿಟ್ಟ ವ್ಯಾಸಪೀಠದ ಮೇಲೆ ಹಣೆಯಿಟ್ಟಿದ್ದರು, ನಮಸ್ಕರಿಸುವವರ ಹಾಗೆ.

ಅಶುಭದ ಪದ್ಯಕ್ಕೆ ಓದು ನಿಲ್ಲಿಸಬಾರದೆನ್ನುವುದು ಅವರು ಪ್ರಾಣದಂತೆ ಹಿಡಿದ ನೇಮ. ಹೊತ್ತಾಯಿತು, ಜನ ಏಳಬೇಕು, ಕಥೆ ಸಾವಿನಲ್ಲಿದೆ ಎಂದಾದರೆ ನಡುವಿನ ಪದ್ಯಗಳನ್ನು ಹಾರಿಸಿ, ಶೋಕದ ಮುಖಾರಿ ರಾಗದಿಂದ ಶುಭದ ಮಧ್ಯಮಾವತಿಗೆ ದನಿ ಇಳಿಸಿ, ಮಂಗಳ ಹಾಡಿಯೇ ಪುಸ್ತಕ ಮುಚ್ಚುತ್ತಿದ್ದರು. ಅಳುತ್ತಾ ಯಾರೂ ಮನೆಗೆ ಹೋಗಬಾರದು. ಕೇಳುವವರೂ ಅಷ್ಟೆ, ಮಂಗಳವಾಗದೆ ಏಳುತ್ತಿರಲಿಲ್ಲ. ಅಂಥವರು ತಾವು ಮಾತ್ರ ಮಂಗಳವಿಲ್ಲದೆ ಹೋದರಲ್ಲ ಎಂಬುದೇ ತುಂಗಮ್ಮನ ಎದೆಯಲ್ಲಿ ಉಳಿದ ಮುಳ್ಳು.

“ಹೆದರಿಕೊಂಡೇ ಹಾಕಿದೆ ಕಣೇ ಬೆಳಗ್ಗೆ,” ಎಂದರು ತುಂಗಮ್ಮ. ಮುಖ ಬೆಳಗುತ್ತಿತ್ತು. “ನೀನು ಪೆನ್ ಡ್ರೈವಲ್ಲಿ ಎಲ್ಲಾ ತುಂಬಿ ಕೊಟ್ಟಿದ್ದೆಯಲ್ಲ, ಅದರಲ್ಲೇ ಇತ್ತು. ಬಾ ಕೇಳು. ಅವರು ಮಂಗಳ ಹಾಡಿದಾರೆ.”

ಹಾಲ್‌ನಲ್ಲಿ ತಂದೆಯ ದನಿ ಎದ್ದಿತು. ಮುಖಾರಿ. ವೀರನ ಬಿಲ್ಲು ಜಾರಿತು. ದನಿ ಏರಿತು, ಏರಿತು. ‘ನೆಲವ’ ಎಂಬ ಮಾತು ಬಂತು. ಅಲ್ಲಿ ಎಳ್ಳಷ್ಟೂ ತಡೆಯದೆ ಮುಂದೆ ಹೋಯಿತು. ಇನ್ನಷ್ಟು ಏರಿ, ಒಂದೆಡೆ ತಡೆದು, ಮೆಲ್ಲಮೆಲ್ಲಗೆ, ಬಹಳ ಚೆನ್ನಾಗಿ ಕೆಳಗಿಳಿದು ಮಧ್ಯಮಾವತಿಯಲ್ಲಿ ನೆಲೆ ನಿಂತಿತು.

“ನಮಗೇ ಕೇಳಿಸಿರಲಿಲ್ಲವೇನೋ ಅವತ್ತು,” ಎಂದರು ತುಂಗಮ್ಮ, ಕಣ್ಣೊರೆಸಿಕೊಳ್ಳುತ್ತಾ. “ಗಾಬರೀಲಿ ಇದ್ವಲ್ಲ.”

ಕಾತ್ಯಾಯಿನಿಗೆ ತಿಳಿಯಿತು: ಅಪ್ಪನ ದನಿ ನಿಂತ ಮೇಲಿನ ಮೌನವನ್ನೂ ತೂತೆಂದೇ ಪೂರಕ ತುಂಬಿತ್ತು. ದನಿ ಇಳಿದ ದಾರಿಯನ್ನು ಅವಳು ಮೊದಲೇ ನೋಡಿದ್ದಳು. ಪ್ರಯೋಗಶಾಲೆಯ ಪರದೆಯ ಮೇಲೆ, ಅಣೆಕಟ್ಟಿನ ಗೆರೆಯ ಕೆಂಪು ಬಣ್ಣದಲ್ಲಿ. ಅದೇ ಏರು, ಅದೇ ತಡೆ, ಅದೇ ಇಳಿತ. ಮುಂದೆ ಏನೂ ಇಲ್ಲದ ಕಡೆ ಪೂರಕಕ್ಕೆ ತಿಳಿದಿದ್ದದ್ದು ಒಂದೇ: ಅಶುಭದಲ್ಲಿ ನಿಲ್ಲಿಸಬಾರದು. ತಂದೆಯ ನೇಮವನ್ನು ಅದು ಅಕ್ಷರವೂ ತಪ್ಪದೆ ಕಲಿತಿತ್ತು. ಏರಿಯ ಮಣ್ಣಿಗೂ ಅದನ್ನೇ ಹಾಡಿತ್ತು.

“ಎಲ್ಲಿಗೆ ಹೊರಟೆ? ಸಂಜೆ ಜನ ಬರ್ತಾರೆ, ಹಾಸೋಕೆ ಜಮಖಾನ ಇಳಿಸಬೇಕು.”

“ಬರ್ತೀನಮ್ಮ.”

*

ಏರಿಯ ಬುಡದಲ್ಲಿ ಜೊಂಡನ್ನು ಎರಡೂ ಕೈಯಿಂದ ಸರಿಸಿಕೊಂಡು ಅವಳು ಚರಂಡಿಯವರೆಗೆ ಇಳಿದಳು. ಮೊದಲು ಸದ್ದು ಕೇಳಿಸಿತು. ಜಿನುಗುವ ನೀರಿಗೆ ಹನಿಯ ಸದ್ದಿರಬೇಕು. ಇಲ್ಲಿ ಹರಿಯುವ ಸದ್ದಿತ್ತು.

ಅಣೆಕಟ್ಟಿನವರಲ್ಲಿ ಒಂದು ಮಾತಿದೆ: ಏರಿ ಬೆವರಬಹುದು, ಕಾರಬಾರದು. ತಿಳಿನೀರು ಜಿನುಗಿದರೆ ಭಯವಿಲ್ಲ. ನೀರು ಕದಡಿದ್ದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಎಂದರ್ಥ. ಏರಿಯೊಳಗೆ ಕೊಳವೆಯಂತೆ ದಾರಿ ಕೊರೆಯುತ್ತಿದೆ ಎಂದರ್ಥ. ಅವಳು ಕೈಯಲ್ಲಿದ್ದ ಬಾಟಲಿಯ ಕುಡಿಯುವ ನೀರನ್ನು ಚೆಲ್ಲಿ ಚರಂಡಿಯಲ್ಲಿ ಅದ್ದಿದಳು. ಬಾಟಲಿ ಚಹಾದ ಬಣ್ಣಕ್ಕೆ ತಿರುಗಿತು.

ಕಂಟ್ರೋಲ್ ರೂಮಿನ ಮೇಜಿನ ಮೇಲೆ ಅದನ್ನು ಇಟ್ಟಾಗ ರಾಚಯ್ಯ ಸಂಜೆಯ ತಿಂಡಿಯ ಡಬ್ಬಿ ತೆರೆದಿದ್ದರು.

“ಏನಿದು?”

“ಬುಡದ ಚರಂಡಿ ನೀರು ಸಾರ್. ಆ ಗೆರೆ ಸುಳ್ಳು. ಕೆಂಪು ಇದ್ದಿದ್ದಷ್ಟೂ ಸುಳ್ಳು.”

“ನೀವೇ ತಾನೇ ಮೇಡಂ ಹೇಳಿದ್ದು, ಇಲ್ಲೀವರೆಗೂ ತಪ್ಪು ಹೇಳಿಲ್ಲ ಅಂತ?”

“ಹೇಳಿದ್ದೆ. ಅದಕ್ಕೆ ಚೆನ್ನಾಗಿ ಮುಗಿಸೋದು ಮಾತ್ರ ಗೊತ್ತು ಸಾರ್. ನಾನೇ ಕಲಿಸಿದ್ದು, ಗೊತ್ತಿಲ್ಲದೆ.”

ರಾಚಯ್ಯ ಬಾಟಲಿಯನ್ನು ಬೆಳಕಿಗೆ ಹಿಡಿದರು. ಮಣ್ಣು ತಳಕ್ಕೆ ಇಳಿಯುತ್ತಿತ್ತು. ಅವರು ಕೈ ತೊಳೆಯಲಿಲ್ಲ. ಫೋನ್ ಎತ್ತಿ, “ಎಲ್ಲಾ ಗೇಟೂ ಎತ್ತಿ. ಹೌದು, ಎಲ್ಲಾ. ಯಾರು ಹೇಳಿದ್ರು ಅಂದ್ರೆ ರಾಚಯ್ಯ ಹೇಳಿದ ಅನ್ನಿ,” ಎಂದರು. ಫೋನಿಟ್ಟು, “ಗೇಟ್ ಎತ್ತಿದ್ರೂ ಇಷ್ಟು ನೀರು ಇಳಿಯೋಕೆ ಹೊತ್ತು ಬೇಕು. ಅಷ್ಟು ಹೊತ್ತು ಮಣ್ಣು ತಡೀಬೇಕಲ್ಲ,” ಎಂದರು. ಗೋಡೆಯ ಮೇಲಿನ ಸೈರನ್ನಿನ ಗುಂಡಿಯ ಕಡೆ ಕೈ ಹೋಯಿತು. ಅದರ ವೈರು ಖಾಲಿ ಕಂಪ್ಯೂಟರಿನ ಪಕ್ಕ ಜೋತಾಡುತ್ತಿತ್ತು. ಕೈ ವಾಪಸ್ ಬಂತು.

“ಪೊಲೀಸರಿಗೆ, ಪಂಚಾಯ್ತಿಗೆ ನಾನು ಹೇಳ್ತೀನಿ. ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸ್ತಾರೆ. ಮೊದಲನೇ ಸಾಲು ನಿಮ್ಮ ಬೀದೀನೇ ಅಲ್ವಾ? ಓಡಿ. ಗವಿಗುಡ್ಡ ಹತ್ತಿಸಿಬಿಡಿ ಎಲ್ಲರನ್ನೂ.”

*

ಏರಿಕೆಳಗಿನ ಬೀದಿಯ ಮನೆಗಳೆಲ್ಲ ಖಾಲಿ ಇದ್ದವು. ಯಾರನ್ನೂ ಹುಡುಕುವ ಕೆಲಸವಿರಲಿಲ್ಲ. ಬೀದಿಯೆಲ್ಲ ಅವಳ ಮನೆಯ ಹಾಲ್‌ನಲ್ಲಿತ್ತು. ಜಮಖಾನದ ಮೇಲೆ ಹೆಂಗಸರು, ಗೋಡೆಗೊರಗಿ ಗಂಡಸರು, ಮಡಿಲಲ್ಲಿ ಮಕ್ಕಳು. ಹೊರಗೆ ಹೊತ್ತು ಮುಳುಗುತ್ತಿತ್ತು. ಮೂಲೆಯಲ್ಲಿ ತಂದೆಯ ಪಟ, ಪಟದ ಮುಂದೆ ದೀಪ. ಪುಟ್ಟಸ್ವಾಮಯ್ಯನವರು ಅರ್ಥ ಹೇಳಿ ಮುಗಿಸುತ್ತಿದ್ದರು.

“…ಬಿಲ್ಲು ಜಾರಿತು. ಜಾರಿದ್ದು ಬಿಲ್ಲಲ್ಲ, ಅವನ ಕಾಲ. ಹೂಂ ಶೇಷು, ಮುಂದೆ.”

ತುಂಗಮ್ಮ ಒತ್ತಿದರು. ದನಿ ಎದ್ದಿತು.

“ಎಲ್ಲಾ ಏಳಿ,” ಎಂದಳು ಕಾತ್ಯಾಯಿನಿ ಬಾಗಿಲಲ್ಲೇ ನಿಂತು. “ಏರಿ ಒಳಗಿಂದ ಕೊರೀತಾ ಇದೆ. ಗುಡ್ಡ ಹತ್ತಬೇಕು. ಈಗಲೇ.”

ತಲೆಗಳು ತಿರುಗಿದವು. ಯಾರೋ ಏಳಹೋಗಿ ಪಕ್ಕದವರ ಮುಖ ನೋಡಿ ಕೂತರು. “ಹೋದ ಮಳೆಗಾಲದಲ್ಲೂ ಹಿಂಗೇ ಅಂದಿದ್ರು,” ಎಂದಿತು ಒಂದು ದನಿ. ಹಿಂದಿನಿಂದ ಒಬ್ಬಾಕೆ, “ಬೀಳೋ ಪದ್ಯದಲ್ಲಿ ಹೆಂಗಮ್ಮ ಏಳೋದು, ಮನೆಗೆ ಒಳ್ಳೇದಲ್ಲ,” ಎಂದಳು.

“ಕಾತಿ,” ಎಂದರು ತುಂಗಮ್ಮ, ದನಿ ತಗ್ಗಿಸಿ. “ಮಂಗಳ ಆಗಿಬಿಡಲಿ. ಇನ್ನೇನು, ಬಂತು. ಇಷ್ಟು ವರ್ಷ ಕಾದಿದೀನಿ.”

“ಆ ಮಂಗಳ ಅಪ್ಪನದಲ್ಲ ಅಮ್ಮ.”

“ಅವರ ದನಿ ನನಗೆ ಗೊತ್ತಿಲ್ವಾ?”

“ದನಿ ಅವರದು. ಹಾಡಿದ್ದು ಅವರಲ್ಲ. ಅವತ್ತು ನಾನೂ ಇಲ್ಲೇ ಇದ್ದೆ, ನೀವೂ ಇಲ್ಲೇ ಇದ್ರಿ.”

ತುಂಗಮ್ಮ ರಿಮೋಟನ್ನು ಸೆರಗಿನೊಳಗೆ ಎಳೆದುಕೊಂಡರು. ಮಗಳು ಕಸಿಯುತ್ತಾಳೆ ಎನ್ನುವ ಹಾಗೆ. ಕಾತ್ಯಾಯಿನಿ ಕಸಿಯಲಿಲ್ಲ. ಸ್ಪೀಕರಿನ ಹತ್ತಿರ ಹೋಗಿ ನೆಲದ ಮೇಲೆ ಕೂತಳು, ಆ ದಿನ ಕೂತಿದ್ದ ಜಾಗದಲ್ಲೇ. ದನಿ ಏರಿತು. ಅವಳ ಕೈ ವೈರಿನ ಮೇಲಿತ್ತು.

‘ನೆಲವ’ ಎಂದಿತು ದನಿ.

ಅವಳು ವೈರು ಎಳೆದಳು.

ಮೌನ ಹಾಲ್‌ನಲ್ಲಿ ನಿಂತಿತು. ತುಂಬಿಸದೆ ಬಿಟ್ಟ ಮೌನ. ಅದು ಎಷ್ಟು ಉದ್ದವಿತ್ತು ಎಂಬುದು ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಇಬ್ಬರೂ ಕಾದರು. ಕೊನೆಗೆ ತುಂಗಮ್ಮನ ತುಟಿಯಿಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಒಂದು ಮಾತು ಬಂತು.

“ಏನ್ರೀ?”

ಪಟ ಮಾತಾಡಲಿಲ್ಲ. ತುಂಗಮ್ಮ ರಿಮೋಟನ್ನು ಪಟದ ಮುಂದಿಟ್ಟರು. ಮೊಣಕಾಲಿಗೆ ಕೈ ಊರಿ ಎದ್ದರು. ಮಂಗಳವಾಗದೆ ಅವರು ಎದ್ದದ್ದನ್ನು ಕಂಡು ಬೀದಿಯೆಲ್ಲ ಎದ್ದಿತು.

*

ಗವಿಗುಡ್ಡದ ಬಂಡೆಯ ಮೇಲೆ ಎಲ್ಲರೂ ಸೇರುವ ಹೊತ್ತಿಗೆ ಕತ್ತಲು ಕವಿದಿತ್ತು. ಕೆಳಗೆ ಊರಿನಲ್ಲಿ ಆಟೋದ ಮೈಕು ಇನ್ನೂ ಕೂಗುತ್ತಿತ್ತು. ಇತರ ಬೀದಿಗಳಿಂದ ಟಾರ್ಚುಗಳು ಗುಡ್ಡದ ಕಡೆಗೆ ಬರುತ್ತಿದ್ದವು. ಏರಿ ಆಕಾಶದ ಅಂಚಿನಲ್ಲಿ ಕಪ್ಪಗೆ, ನೆಟ್ಟಗೆ ಎಳೆದ ಗೆರೆಯ ಹಾಗೆ ಮಲಗಿತ್ತು. ಗೇಟುಗಳಿಂದ ಧುಮುಕುವ ನೀರಿನ ಮೊರೆತ ಬೇರೆಲ್ಲ ಸದ್ದನ್ನೂ ನುಂಗಿತ್ತು. ಏರಿಯ ಮೇಲೆ ಒಂಟಿ ಟಾರ್ಚೊಂದು ಅತ್ತಿಂದಿತ್ತ ಓಡಾಡುತ್ತಿತ್ತು. ಅದು ರಾಚಯ್ಯನವರದೇ ಇರಬೇಕೆಂದುಕೊಂಡಳು ಕಾತ್ಯಾಯಿನಿ. ಫೋನ್ ಮಾಡಿದಳು. ಅವರು ಎತ್ತಲಿಲ್ಲ.

“ದೀಪ ಆರಿಸದೆ ಬಂದೆವಲ್ಲೇ,” ಎಂದರು ತುಂಗಮ್ಮ. ತೆರೆದ ಬಾಗಿಲಲ್ಲಿ ಆ ಚುಕ್ಕಿ ಬೆಳಕು ಇಲ್ಲಿಂದಲೂ ಕಾಣುತ್ತಿತ್ತು.

ಪುಟ್ಟಸ್ವಾಮಯ್ಯನವರಿಗೆ ಸುಮ್ಮನಿರಲಾಗಲಿಲ್ಲ. ಕೈ ಮುಗಿದು ಮಧ್ಯಮಾವತಿ ಹಿಡಿದರು. ಮಂಗಳದ ಮೊದಲ ಅಕ್ಷರ ಬರುವುದರೊಳಗೆ ತುಂಗಮ್ಮ ಅವರ ತೋಳು ಮುಟ್ಟಿದರು.

“ಬೇಡಿ ಪುಟ್ಟಸ್ವಾಮಣ್ಣ. ಇನ್ನೂ ಮುಗಿದಿಲ್ಲ.”

ಅವರು ನಿಲ್ಲಿಸಿದರು. ಎಲ್ಲರೂ ಕಿವಿಗೊಟ್ಟು ನಿಂತರು. ನೀರಿನ ಮೊರೆತದ ಅಡಿಯಲ್ಲಿ ಇನ್ನೊಂದು ಸದ್ದು ಹುಟ್ಟುತ್ತಿತ್ತು. ಅದಕ್ಕೆ ಮಾತ್ರೆಯಿರಲಿಲ್ಲ, ತಾಳವಿರಲಿಲ್ಲ. ಕಾತ್ಯಾಯಿನಿ ಅಂಥ ಸದ್ದನ್ನು ಹಿಂದೆಂದೂ ಕೇಳಿರಲಿಲ್ಲ. ಏರಿಯ ಮೇಲಿನ ಟಾರ್ಚು ಓಡತೊಡಗಿತು. ಆಮೇಲೆ ಏರಿಯಿಂದ ಊರಿಗೆ ಬರುವ ದಾರಿಯ ದೀಪಗಳನ್ನು ನೀರು ಒಂದೊಂದಾಗಿ ಆರಿಸುತ್ತಾ ಬಂತು.

ತುಂಗಮ್ಮ ತಮ್ಮ ಬಾಗಿಲಿನ ಚುಕ್ಕಿ ಬೆಳಕನ್ನೇ ನೋಡುತ್ತಾ ನಿಂತರು. ಅದು ಇನ್ನೂ ಉರಿಯುತ್ತಿದ್ದಾಗಲೇ, ಯಾರೂ ಹೇಳದೆ, ‘ನೆಲವ’ ಎಂಬಲ್ಲಿ ನಿಂತಿದ್ದ ಪದ್ಯವನ್ನು ಅಲ್ಲಿಂದಲೇ ಎತ್ತಿಕೊಂಡರು. ಉಳಿದ ಸಾಲುಗಳನ್ನು, ಇದ್ದದ್ದನ್ನು ಇದ್ದ ಹಾಗೆಯೇ, ಮುಖಾರಿಯಲ್ಲಿ, ಆ ವೀರ ಪೂರ್ತಿ ನೆಲಕ್ಕೆ ಬೀಳುವವರೆಗೂ ಓದಿದರು.